ರೆಂಬ್ರಾಂಟನ ಬೈಬಲ್ ಮಸಿಚಿತ್ರಗಳು

ಡಚ್ ಚಿತ್ರಕಾರ ರೆಂಬ್ರಾಂಟ್ ಹಾರ್ಮೆನ್ಸ್‌ಜೋನ್ ವಾನ್ ರೈನ್ (1606-1669) ಬೈಬಲಿನ ಪ್ರಸಂಗಗಳನ್ನು ಗರಿ, ಜೊಂಡು, ಕುಂಚಗಳಿಂದ ಕಂದು ಮಸಿಯಲ್ಲಿ ಬರೆದ ಚಿತ್ರಗಳನ್ನು ಆತನ ತೈಲಚಿತ್ರಗಳ ಪೂರ್ವಸಿದ್ಧತೆ ಎಂದು ಎಣಿಸುವ ರೂಢಿ ಬಹುಕಾಲದಿಂದ ಇದೆ. ಆದರೆ ಉಳಿದುಬಂದ ಹಾಳೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಎಣಿಕೆ ನಿಲ್ಲುವುದಿಲ್ಲ. ಇವುಗಳಲ್ಲಿ ಬಹುಪಾಲು ಯಾವ ತೈಲಚಿತ್ರಕ್ಕೂ ಮೆಟ್ಟಿಲಾಗಿ ಹುಟ್ಟಿದವಲ್ಲ. ಗ್ರಂಥದ ಒಂದು ಪ್ರಸಂಗವನ್ನು ಓದಿ, ಅದರ ತಿರುಳು ಯಾವ ಗಳಿಗೆಯಲ್ಲಿದೆ ಎಂದು ನಿರ್ಧರಿಸುವ ಕೆಲಸವನ್ನು ರೆಂಬ್ರಾಂಟ್ ಮಸಿಯಲ್ಲೇ ಮಾಡಿ ಮುಗಿಸಿದ್ದಾನೆ. ಇದಕ್ಕೆ ಅತ್ಯಂತ ಗಟ್ಟಿಯಾದ ಸಾಕ್ಷಿ ಹೇಗ್ ನಗರದ ರಾಜ ಗ್ರಂಥಾಲಯದಲ್ಲಿದೆ. ಆಮ್‌ಸ್ಟರ್‌ಡಾಮಿನ ಲ್ಯಾಟಿನ್ ಶಾಲೆಯ ಉಪಾಧ್ಯಾಯ ಯಾಕೋಬುಸ್ ಹೇಬ್ಲಾಕ್ ತನ್ನ ಸ್ನೇಹಿತರಿಂದ ಪದ್ಯ, ಚಿತ್ರ, ಹಸ್ತಾಕ್ಷರಗಳನ್ನು ಬರೆಸಿಕೊಳ್ಳುತ್ತಿದ್ದ ಒಂದು ಸ್ನೇಹಪುಸ್ತಕವನ್ನು ಇಟ್ಟುಕೊಂಡಿದ್ದ. 1661ರಲ್ಲಿ ಆ ಪುಸ್ತಕ ರೆಂಬ್ರಾಂಟನ ಕೈಗೆ ಬಂದಾಗ ಆತ ಅದರ ಒಂದು ಪುಟದಲ್ಲಿ ಮುದುಕ ಸಿಮೆಯೋನನು ಶಿಶು ಯೇಸುವನ್ನು ತೋಳಲ್ಲಿ ಹಿಡಿದಿರುವುದನ್ನು ಬರೆದು, ರುಜು ಹಾಕಿ, ವರ್ಷವನ್ನೂ ನಮೂದಿಸಿದ. ಅಂಗೈಯಗಲದ ಚಿತ್ರ. ಮೊಂಡು ಗೆರೆಗಳು, ಅಗಲವಾದ ಕುಂಚದ ಬೀಸುಗಳು, ಅಲ್ಲಲ್ಲಿ ಬಿಳಿ ಬಣ್ಣದ ಲೇಪ. ಮುದುಕನ ತಲೆ ಬಾಗಿದೆ, ಕಣ್ಣುಗಳು ಮುಚ್ಚಿದಂತಿವೆ. ಪಕ್ಕದವರ ಇರವು ಮಸಿಯ ಕೆಲವೇ ಬೀಸುಗಳಲ್ಲಿ ಸೂಚಿತವಾಗಿದೆ. ಕೊಟ್ಟು ಕಳಿಸಿದ ಪುಸ್ತಕದಲ್ಲಿ ಬರೆದ ಚಿತ್ರವಾದ್ದರಿಂದ ಇದು ಕರಡು ಆಗಿರಲು ಸಾಧ್ಯವೇ ಇಲ್ಲ. ಕರ್ತೃತ್ವದ ಬಗ್ಗೆಯೂ ಅನುಮಾನಕ್ಕೆ ಎಡೆಯಿಲ್ಲ. ಹೀಗಾಗಿ ಈ ವರ್ಗದ ಚಿತ್ರಗಳ ಸ್ವರೂಪವನ್ನು ಅಳೆಯಲು ಇದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುವುದು ಸರಿ.

ಬೈಬಲ್ ಚಿತ್ರಗಳಿಗೆ ಚರ್ಚಿನ ಆಶ್ರಯವೇ ಇಲ್ಲದ ನಾಡಿನಲ್ಲಿ ಇವು ಹುಟ್ಟಿದವು ಎಂಬುದನ್ನು ಮರೆಯಬಾರದು. 1566ರಲ್ಲಿ ನೆದರ್ಲೆಂಡ್ಸ್ ಪ್ರದೇಶದಲ್ಲೆಲ್ಲ ಚರ್ಚುಗಳ ವಿಗ್ರಹಗಳನ್ನೂ ಚಿತ್ರಗಳನ್ನೂ ಒಡೆದುಹಾಕಿದ ಪ್ರಕರಣಗಳು ನಡೆದಿದ್ದವು. ಮುಂದೆ ಸ್ಪೇನಿನ ಹಿಡಿತ ಕಳಚಿಕೊಂಡ ಉತ್ತರದ ಪ್ರಾಂತಗಳಲ್ಲಿ ಕ್ಯಾಲ್ವಿನನ ಮಾರ್ಗದ ಸುಧಾರಿತ ಚರ್ಚು ಬೇರೂರಿತು. ಅದರ ಆರಾಧನಾ ಮಂದಿರಗಳಲ್ಲಿ ಸುಣ್ಣ ಬಳಿದ ಬಿಳಿ ಗೋಡೆಗಳಿದ್ದವೇ ಹೊರತು ಚಿತ್ರಗಳಿರಲಿಲ್ಲ. ಇಟಲಿ, ಸ್ಪೇನುಗಳ ಕಲಾವಿದರಿಗೆ ಬಲಿಪೀಠದ ಹಿಂದಿನ ಚಿತ್ರಗಳಿಂದ ಬರುತ್ತಿದ್ದ ಅನ್ನ ಇಲ್ಲಿನವರಿಗೆ ಇರಲಿಲ್ಲ. ಆದರೆ ಗ್ರಂಥ ಮಾತ್ರ ಮನೆಮನೆಗೂ ಬಂದಿತ್ತು. ಪ್ರಾಂತಗಳ ಮಹಾಸಭೆಯ ಅಪ್ಪಣೆಯಿಂದ ಮೂಲ ಭಾಷೆಗಳಿಂದ ಅನುವಾದವಾದ ಡಚ್ ಬೈಬಲ್ 1637ರಲ್ಲಿ ಅಚ್ಚಾಯಿತು. ಲೈಡನ್ನಿನಲ್ಲಿ ಹುಟ್ಟಿದ ರೆಂಬ್ರಾಂಟ್ ಯೌವನದಲ್ಲಿ ಕೆಲವು ತಿಂಗಳು ಆಮ್‌ಸ್ಟರ್‌ಡಾಮಿನ ಪೀಟರ್ ಲಾಸ್ಟ್‌ಮನ್ನನ ಬಳಿ ಕಲಿತ. ಈ ಗುರು ಬೈಬಲಿನ ಕಥೆಗಳನ್ನು ಮಾತು, ಸನ್ನೆ, ಮುಖಭಾವಗಳ ಮೂಲಕ ಬಿಡಿಸಿ ಹೇಳುವುದರಲ್ಲಿ ನಿಪುಣ. ಕಥೆಯ ಯಾವ ಗಳಿಗೆಯನ್ನು ಹಿಡಿಯಬೇಕು ಎಂಬ ಪ್ರಶ್ನೆ ಶಿಷ್ಯನಿಗೆ ದೊರೆತದ್ದು ಅಲ್ಲಿಂದಲೇ. 1656ರಲ್ಲಿ ರೆಂಬ್ರಾಂಟ್ ದಿವಾಳಿಯಾದಾಗ ಅಧಿಕಾರಿಗಳು ಆತನ ಮನೆಯ ಸಾಮಾನುಗಳನ್ನು ಕೋಣೆಕೋಣೆಯಾಗಿ ಪಟ್ಟಿ ಮಾಡಿದರು. 363 ನಮೂದುಗಳಿರುವ ಆ ಪಟ್ಟಿಯಲ್ಲಿ ಪುಸ್ತಕಗಳು ಬಹಳ ಕಡಿಮೆ. ಆ ಕೆಲವುಗಳ ನಡುವೆ ಒಂದು ಹಳೆಯ ಬೈಬಲ್ ಇದೆ, ಯೆಹೂದಿ ಇತಿಹಾಸಕಾರ ಜೋಸಿಫಸನ ಕೃತಿಯ ಜರ್ಮನ್ ಪ್ರತಿಯೂ ಇದೆ. ಆತ ಯಾವ ಪಂಥಕ್ಕೆ ಸೇರಿದವನು ಎಂಬ ಚರ್ಚೆ ಹಿಂದಿನಿಂದಲೂ ನಡೆದಿದೆ. ಮೆನ್ನೊನೈಟ್ ಪಂಥದವನೆಂದು ಇಟಲಿಯ ಲೇಖಕ ಬಾಲ್ಡಿನುಚ್ಚಿ 1686ರಲ್ಲೇ ಬರೆದ. ಪಂಥದ ಕೀಲಿಕೈಯಿಂದ ಈ ಚಿತ್ರಗಳನ್ನು ತೆರೆಯುವ ಪ್ರಯತ್ನಗಳು ಹೆಚ್ಚಿನ ಫಲ ಕೊಟ್ಟಿಲ್ಲ. ಡಚ್ ಬೈಬಲ್ ತೋಬೀತನ ಪುಸ್ತಕವನ್ನು ಪ್ರಮಾಣಗ್ರಂಥಗಳಿಂದ ಬೇರ್ಪಡಿಸಿ, ಎಚ್ಚರಿಕೆಯ ಮುನ್ನುಡಿಯೊಂದಿಗೆ ಕೊನೆಗೆ ತಳ್ಳಿತ್ತು. ರೆಂಬ್ರಾಂಟ್ ಮಾತ್ರ ಕುರುಡು ಮುದುಕ ತೋಬೀತನ ಆ ಕಥೆಗೆ ಜೀವನವಿಡೀ ಮರಳುತ್ತಲೇ ಇದ್ದ. ಆತನಿಗೆ ಬೇಕಾಗಿದ್ದುದು ಕಥೆ, ಅದರೊಳಗಿನ ಮನುಷ್ಯರು.

ಸಾಮಗ್ರಿಯ ವಿಚಾರ ಇಲ್ಲಿ ಅಲಂಕಾರಕ್ಕೆ ಬಂದದ್ದಲ್ಲ, ವಾದದ ಭಾಗವೇ ಆಗಿದೆ. ಆ ಕಾಲದ ಮಸಿಗಳಲ್ಲಿ ಮುಖ್ಯವಾದವು ಎರಡು. ಮಾಚಿಕಾಯಿಯ ಒಗರು ಕಷಾಯಕ್ಕೆ ಅನ್ನಭೇದಿ ಬೆರೆಸಿ, ಅಂಟು ಹಾಕಿ ಮಾಡುವ ಕಬ್ಬಿಣದ ಮಸಿ ಒಂದು. ಬರೆದಾಗ ಕಪ್ಪಗೆ ಕಾಣುವ ಇದು ವರ್ಷಗಳು ಕಳೆದಂತೆ ಕಂದುಬಣ್ಣಕ್ಕೆ ತಿರುಗುತ್ತದೆ. ಆಮ್ಲಾಂಶ ಹೆಚ್ಚಾದ ಕಡೆ ಕಾಗದವನ್ನೇ ತಿಂದುಹಾಕುತ್ತದೆ. ಇನ್ನೊಂದು, ಬೀಚ್ ಮರದ ಸೌದೆಯ ಇಲ್ಲಣದಿಂದ ತಯಾರಾದ, ಪಾರದರ್ಶಕವಾದ ಕಂದು ಮಸಿ. ಹಳೆಯ ಪಟ್ಟಿಗಳು ಕಣ್ಣಂದಾಜಿನಲ್ಲೇ ಕಂದು ಮಸಿಯನ್ನೆಲ್ಲ ಇಲ್ಲಣದ ಮಸಿ ಎಂದು ಬರೆದುಬಿಡುತ್ತಿದ್ದವು. ರಾಸಾಯನಿಕ ಪರೀಕ್ಷೆಯಿಲ್ಲದೆ ಹಾಗೆ ಹೇಳಲಾಗದು ಎಂದು ಇಂದಿನ ತಜ್ಞರು ಒಪ್ಪುತ್ತಾರೆ. 1630ರ ದಶಕದ ಕೊನೆಯಲ್ಲಿ ರೆಂಬ್ರಾಂಟ್ ತಿಳಿ ಹಳದಿ ಛಾಯೆ ಬಳಿದ ಕಾಗದದ ಮೇಲೆ ಕಬ್ಬಿಣದ ಮಸಿಯಿಂದ ಬರೆದ ಒಂದು ಗುಂಪೇ ಇದೆ. ಉಪಕರಣಗಳಲ್ಲೂ ಬದಲಾವಣೆ ಕಾಣುತ್ತದೆ. ಗರಿಯ ಮೊನೆ ಬಳುಕುವಂಥದು. ಒತ್ತಿದರೆ ದಪ್ಪ, ಹಗುರ ಮಾಡಿದರೆ ಸಣ್ಣ, ಬೇಕೆಂದಂತೆ ಬಾಗುವ ಗೆರೆ. ಮೊದಲ ದಶಕಗಳ ಚಿತ್ರಗಳಲ್ಲಿ ಈ ಓಟ ತುಂಬ ಇದೆ. 1650ರ ಹೊತ್ತಿಗೆ ಜೊಂಡಿನ ಲೇಖನಿ ಮೇಲುಗೈ ಪಡೆಯುತ್ತದೆ. ಜೊಂಡು ಹೆಚ್ಚು ಮಸಿ ಹಿಡಿಯುವುದಿಲ್ಲ, ಬಳುಕುವುದಿಲ್ಲ. ಗೆರೆ ಚಿಕ್ಕದಾಗಿ, ನೇರವಾಗಿ, ತುದಿಯಲ್ಲಿ ಒಣಗಿ ತುಂಡಾಗುತ್ತದೆ. ಸರಾಗವಾದ ಲೇಖನಿಯನ್ನು ಬಿಟ್ಟು ಮೊಂಡಾದುದನ್ನು ಆರಿಸಿಕೊಳ್ಳುವುದು ವಿವರಗಳನ್ನು ತಾನಾಗಿಯೇ ಕೈಬಿಟ್ಟಂತೆ. ಇದ್ದಿಲಿನ ಅಥವಾ ಸೀಮೆಸುಣ್ಣದ ಗೆರೆಯನ್ನು ಒರಸಬಹುದು, ತಿದ್ದಬಹುದು. ಮಸಿಯ ಗೆರೆ ಬಿದ್ದ ಮೇಲೆ ಬಿದ್ದದ್ದೇ. ಅದನ್ನು ಹಿಂತೆಗೆಯಬೇಕಾದರೆ ಮೇಲೆ ಬಿಳಿ ಬಣ್ಣ ಬಳಿಯಬೇಕು, ಅದೂ ಕಣ್ಣಿಗೆ ಕಾಣುತ್ತದೆ. ಎಲ್ಲೆಲ್ಲಿ ರೆಂಬ್ರಾಂಟ್ ಮನಸ್ಸು ಬದಲಿಸಿದ, ಯಾವ ಕೈಯನ್ನು ಮುಚ್ಚಿ ಯಾವ ಕೈಯನ್ನು ಎತ್ತಿದ ಎಂಬುದು ಇಂದಿಗೂ ಓದಲು ಸಿಗುತ್ತದೆ. ತೆಳು ಮಸಿಯನ್ನು ಕುಂಚದಿಂದ ಹರಿಸಿ, ಕೆಲವು ಕಡೆ ಬೆರಳಿನಿಂದಲೇ ಉಜ್ಜಿ ನೆರಳು ಮಾಡುತ್ತಿದ್ದ. ಉಳಿದ ಖಾಲಿ ಕಾಗದವೇ ಬೆಳಕು.

ಪೂರ್ವಸಿದ್ಧತೆಯ ವಾದವನ್ನು ಈಗ ನೇರವಾಗಿ ಎದುರಿಸಬಹುದು. ಆ ವಾದಕ್ಕೆ ಆಧಾರವೇ ಇಲ್ಲವೆಂದಲ್ಲ. 1629ರ ತೈಲಚಿತ್ರವೊಂದರಲ್ಲಿ ಯೂದನು ಮೂವತ್ತು ಬೆಳ್ಳಿ ನಾಣ್ಯಗಳನ್ನು ಪುರೋಹಿತರ ಮುಂದೆ ಚೆಲ್ಲಿ ಮೊಣಕಾಲೂರಿದ್ದಾನೆ. ಆಗ ಇಪ್ಪತ್ತಮೂರರ ಆಸುಪಾಸಿನಲ್ಲಿದ್ದ ಚಿತ್ರಕಾರನನ್ನು ಪಂಡಿತನೂ ರಾಜಕಾರ್ಯದರ್ಶಿಯೂ ಆದ ಕಾನ್‌ಸ್ಟಂಟೈನ್ ಹೈಗೆನ್ಸ್ ಈ ಚಿತ್ರಕ್ಕಾಗಿ ಮನಸಾರೆ ಹೊಗಳಿದ. ಇದಕ್ಕೆ ಬರೆದ ಸಿದ್ಧತಾ ಚಿತ್ರಗಳು ಉಳಿದಿವೆ. ಇಂಥ ಇನ್ನಷ್ಟು ಉದಾಹರಣೆಗಳೂ ಇವೆ. ಆದರೆ ಒಟ್ಟು ಮೊತ್ತದಲ್ಲಿ ಇವು ಅಲ್ಪಸಂಖ್ಯಾತ. ರುಜು ಇರುವ, ಇಲ್ಲವೇ ರೆಂಬ್ರಾಂಟನದೇ ಎಂದು ಖಚಿತವಾದ ತೈಲಚಿತ್ರ ಅಥವಾ ಎಚಿಂಗ್ ಮುದ್ರಣಕ್ಕೆ ಸಿದ್ಧತೆಯಾಗಿ ಬರೆದ ರೇಖಾಚಿತ್ರಗಳು ಎಲ್ಲ ವಿಷಯಗಳನ್ನೂ ಸೇರಿಸಿ ಎಪ್ಪತ್ತರ ಆಸುಪಾಸಿನಲ್ಲಿ ನಿಲ್ಲುತ್ತವೆ. ಉಳಿದ ನೂರಾರು ಹಾಳೆಗಳಿಗೆ ಅವುಗಳ ಮುಂದಿನ ಮಜಲು ಎನ್ನಬಹುದಾದ ಕೃತಿಯೇ ಇಲ್ಲ. ಆತ ಇವನ್ನು ಇಟ್ಟುಕೊಂಡಿದ್ದ ಕ್ರಮವೂ ಮಾತಾಡುತ್ತದೆ. 1656ರ ಪಟ್ಟಿಯಲ್ಲಿ ಆತನ ಚಿತ್ರಗಳು ವಿಷಯವಾರು ಸಂಪುಟಗಳಲ್ಲಿ ಕಾಣಿಸುತ್ತವೆ: ಭೂದೃಶ್ಯಗಳದು ಒಂದು, ಪ್ರಾಣಿಗಳದು ಒಂದು, ನಗ್ನ ಆಕೃತಿಗಳದು ಮತ್ತೊಂದು. ಕೆಲಸ ಮುಗಿದ ಮೇಲೆ ಎಸೆಯುವ ಕರಡುಗಳನ್ನು ಯಾರೂ ಹೀಗೆ ಜೋಡಿಸಿ ಇಡುವುದಿಲ್ಲ. ಸಮಕಾಲೀನರೂ ಅವನ್ನು ಬೆಲೆಬಾಳುವ ವಸ್ತುಗಳಾಗಿ ಕಂಡರು. ಸಾಗರದೃಶ್ಯಗಳ ಚಿತ್ರಕಾರ, ಬಣ್ಣದ ಕಾರ್ಖಾನೆಯ ಶ್ರೀಮಂತ ಯಾನ್ ವಾನ್ ಡ ಕಾಪೆಲ್ 1679ರಲ್ಲಿ ತೀರಿಕೊಂಡಾಗ ಆತನ ಸಂಗ್ರಹದಲ್ಲಿ ರೆಂಬ್ರಾಂಟನ ಸುಮಾರು 500 ರೇಖಾಚಿತ್ರಗಳಿದ್ದವು; ಹೆಂಗಸರು ಮತ್ತು ಮಕ್ಕಳ ಬದುಕಿನ 135 ಚಿತ್ರಗಳ ಒಂದು ಸಂಪುಟವೇ ಅದರಲ್ಲಿತ್ತು.

ಹಾಗಾದರೆ ಈ ಹಾಳೆಗಳಲ್ಲಿ ನಡೆದದ್ದೇನು? ಸಿಮೆಯೋನನನ್ನೇ ಮತ್ತೆ ತೆಗೆದುಕೊಳ್ಳೋಣ. ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯದ ಪ್ರಕಾರ, ರಕ್ಷಕನನ್ನು ಕಾಣುವವರೆಗೆ ಸಾವು ಬರುವುದಿಲ್ಲವೆಂಬ ಭರವಸೆ ಪಡೆದ ಈತ ದೇವಾಲಯಕ್ಕೆ ಬಂದು, ಮಗುವನ್ನು ಎತ್ತಿಕೊಂಡು ದೇವರನ್ನು ಕೊಂಡಾಡುತ್ತಾನೆ. 1631ರ ತೈಲಚಿತ್ರ ಹೇಗ್‌ನ ಮೌರಿಟ್ಸ್‌ಹೌಸ್‌ನಲ್ಲಿದೆ. ಅದರಲ್ಲಿ ದೇವಾಲಯದ ಕಂಬಗಳು ಕತ್ತಲಿನೊಳಗೆ ಎತ್ತರಕ್ಕೆ ಏರುತ್ತವೆ, ಮೆಟ್ಟಿಲುಗಳ ಮೇಲೆ ಜನ ನೆರೆದಿದ್ದಾರೆ, ನಡುವೆ ಒಂದು ಬೆಳಕಿನ ಮಡುವಿನಲ್ಲಿ ಮೊಣಕಾಲೂರಿದ ಸಣ್ಣ ಸಿಮೆಯೋನ. ಇದು ಸಾರ್ವಜನಿಕ ಘಟನೆ. ನೋಡುಗನೂ ನೆರೆದವರಲ್ಲಿ ಒಬ್ಬ. ಮೂವತ್ತು ವರ್ಷಗಳ ನಂತರದ ಮಸಿಚಿತ್ರದಲ್ಲಿ ಕಂಬಗಳಿಲ್ಲ, ಮೆಟ್ಟಿಲುಗಳಿಲ್ಲ, ಗುಂಪಿಲ್ಲ. ಉಳಿದದ್ದು ಎರಡು ತೋಳು, ಒಂದು ಮಗು, ಮುಚ್ಚಿದಂಥ ಕಣ್ಣು. ತನ್ನ ಕಣ್ಣುಗಳು ರಕ್ಷಣೆಯನ್ನು ಕಂಡವೆಂದು ಹಾಡುವವನ ಕಣ್ಣನ್ನು ಮುಚ್ಚಿದ್ದು ಗ್ರಂಥದಲ್ಲಿ ಇಲ್ಲದ ವಿವರ. ಸಿಮೆಯೋನ ಕುರುಡನೆಂದು ಲೂಕ ಎಲ್ಲೂ ಹೇಳುವುದಿಲ್ಲ. ನೋಡುವುದು ಕಣ್ಣಿನ ಕೆಲಸವಾಗಿ ಉಳಿಯದೆ ತೋಳುಗಳ ಭಾರವಾಗಿ ಬದಲಾದ ಗಳಿಗೆಯನ್ನು ರೆಂಬ್ರಾಂಟ್ ತಾನೇ ಕಂಡುಕೊಂಡ. ಇದೇ ಪ್ರಸಂಗವನ್ನು ಆತ ಮತ್ತೆ ಎತ್ತಿಕೊಂಡ ತೈಲಚಿತ್ರ, 1669ರಲ್ಲಿ ಆತ ತೀರಿಕೊಂಡಾಗ ಅಪೂರ್ಣವಾಗಿ ಉಳಿದು, ಈಗ ಸ್ಟಾಕ್‌ಹೋಮಿನಲ್ಲಿದೆ. ಮಸಿಯಲ್ಲಿ ತಲುಪಿದ ತೀರ್ಮಾನದ ಮೇಲೆಯೇ ಅದು ನಿಂತಿದೆ. ಅಂದರೆ 1661ರ ಪುಟವು ಎಂಟು ವರ್ಷಗಳ ನಂತರದ ತೈಲಚಿತ್ರಕ್ಕೆ ದಾರಿ ತೋರಿಸಿತು ಎನ್ನಬಹುದು. ಇದು ನಮ್ಮ ವಾದಕ್ಕೆ ವಿರುದ್ಧವಲ್ಲವೇ ಎಂದು ಕೇಳುವವರಿಗೆ ಉತ್ತರ ಸರಳ. ಪುಸ್ತಕವನ್ನು ಹಿಂತಿರುಗಿಸಿ ಕೊಟ್ಟಾಗ ಆ ಚಿತ್ರ ಪೂರ್ಣವಾಗಿತ್ತು. ಒಂದು ಪೂರ್ಣ ಕೃತಿಯಿಂದ ಇನ್ನೊಂದು ಹುಟ್ಟಿದ್ದರಿಂದ ಮೊದಲನೆಯದು ಕರಡಾಗುವುದಿಲ್ಲ.

ಗಳಿಗೆಯ ಆಯ್ಕೆಯೇ ವ್ಯಾಖ್ಯಾನವಾಗುವುದು ಬೇರೆ ಹಾಳೆಗಳಲ್ಲೂ ಕಾಣುತ್ತದೆ. ಮ್ಯೂನಿಕ್ಕಿನಲ್ಲಿರುವ ಒಂದು ಚಿತ್ರದ ವಿಷಯ ಯೋಹಾನನ ಸುವಾರ್ತೆಯ ಎಂಟನೆಯ ಅಧ್ಯಾಯದ್ದು: ವ್ಯಭಿಚಾರದಲ್ಲಿ ಸಿಕ್ಕಿಬಿದ್ದವಳೆಂದು ಒಬ್ಬ ಹೆಂಗಸನ್ನು ಎಳೆತಂದು, ಈಕೆಯನ್ನು ಏನು ಮಾಡಬೇಕೆಂದು ಶಾಸ್ತ್ರಿಗಳೂ ಫರಿಸಾಯರೂ ಯೇಸುವನ್ನು ಕೇಳುತ್ತಾರೆ. 1644ರಲ್ಲಿ ಇದೇ ಪ್ರಸಂಗವನ್ನು ತೈಲದಲ್ಲಿ ಬರೆದಾಗ, ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಆ ಚಿತ್ರದಲ್ಲಿ, ಬಿಳಿ ಉಡುಪಿನ ಹೆಂಗಸು ಮೊಣಕಾಲೂರಿದ್ದಾಳೆ, ಹಿಂದೆ ಚಿನ್ನದ ಹೊಳಪಿನ ಭವ್ಯ ದೇವಾಲಯ. ಬಹಳ ವರ್ಷಗಳ ಮೇಲೆ ಬರೆದ ಮಸಿಚಿತ್ರಕ್ಕೆ ರೆಂಬ್ರಾಂಟ್ ತನ್ನ ಕೈಯಿಂದಲೇ ಒಂದು ಟಿಪ್ಪಣಿ ಸೇರಿಸಿದ: ಯೇಸುವನ್ನು ಮಾತಿನಲ್ಲಿ ಸಿಕ್ಕಿಸುವ ಆತುರದಲ್ಲಿ ಅವರಿಗೆ ಉತ್ತರಕ್ಕಾಗಿ ಕಾಯುವ ತಾಳ್ಮೆಯೂ ಇರಲಿಲ್ಲ ಎಂಬುದು ಅದರ ತಾತ್ಪರ್ಯ. ಟಿಪ್ಪಣಿಯ ಗಮನ ಪಾಪದ ಮೇಲಾಗಲಿ ಕ್ಷಮೆಯ ಮೇಲಾಗಲಿ ಇಲ್ಲ. ಪ್ರಶ್ನೆ ಕೇಳುವವರ ಅಸಹನೆಯ ಮೇಲಿದೆ. ಗ್ರಂಥದಲ್ಲಿ ಒಂದು ಸಾಲಿನಷ್ಟು ಮಾತ್ರ ಜಾಗ ಪಡೆದ ಮನಸ್ಥಿತಿಯನ್ನು ಇಡೀ ಚಿತ್ರದ ವಿಷಯವನ್ನಾಗಿ ಮಾಡಿದ್ದು ಓದುಗನೊಬ್ಬನ ನಿರ್ಧಾರ. ರೆಂಬ್ರಾಂಟ್ ತನ್ನ ಚಿತ್ರಗಳ ಬಗ್ಗೆ ಬರೆದ ಮಾತುಗಳು ತೀರ ಕಡಿಮೆ. ಹೈಗೆನ್ಸನಿಗೆ ಬರೆದ ಏಳು ಪತ್ರಗಳನ್ನು ಬಿಟ್ಟರೆ ಇಂಥ ಅಂಚಿನ ಟಿಪ್ಪಣಿಗಳೇ ನಮಗಿರುವ ಸಾಕ್ಷ್ಯ. ಆ ಪತ್ರಗಳಲ್ಲೊಂದರಲ್ಲಿ, 1639ರ ಜನವರಿಯಲ್ಲಿ, ಯೇಸುವಿನ ಕೊನೆಯ ದಿನಗಳ ಚಿತ್ರಗಳಲ್ಲಿ ತಾನು ಅತ್ಯಂತ ಸಹಜವಾದ ಚಲನೆಗಾಗಿ ಶ್ರಮಿಸಿರುವುದಾಗಿ ಆತ ಹೇಳಿಕೊಂಡಿದ್ದ. ದೇಹದ ಚಲನೆಯೋ ಭಾವದ ಚಲನೆಯೋ ಎಂದು ವಿದ್ವಾಂಸರು ವಾದಿಸುತ್ತಲೇ ಬಂದಿದ್ದಾರೆ. ಮಸಿಚಿತ್ರಗಳ ಮುಂದೆ ಕುಳಿತರೆ ಆ ಎರಡನ್ನೂ ಬೇರ್ಪಡಿಸಲು ಆಗುವುದಿಲ್ಲ. ಅಮೆರಿಕದ ಕ್ಲೀವ್‌ಲೆಂಡ್ ವಸ್ತುಸಂಗ್ರಹಾಲಯದ ಹಾಳೆಯಲ್ಲಿ ತೋಬೀತನ ಮಗ ತೋಬಿಯಾಸ ತಂದೆಯ ಕುರುಡನ್ನು ವಾಸಿಮಾಡುತ್ತಿದ್ದಾನೆ. ಗ್ರಂಥದ ಪ್ರಕಾರ ಮೀನಿನ ಪಿತ್ತವನ್ನು ಕಣ್ಣಿಗೆ ಹಚ್ಚಿದರೆ ಸಾಕು. ರೆಂಬ್ರಾಂಟನ ಮಗ ತಂದೆಯ ಹಿಂದೆ ನಿಂತು, ಬಾಗಿ, ಆ ಕಾಲದ ವೈದ್ಯರು ಸೂಜಿಯಿಂದ ಕಣ್ಣಿನ ಪೊರೆ ಜಾರಿಸುತ್ತಿದ್ದ ರೀತಿಯಲ್ಲೇ ಕೈಯಿಟ್ಟಿದ್ದಾನೆ. ಪವಾಡ ಇಲ್ಲಿ ಕೈಕೌಶಲವಾಗಿದೆ, ತಂದೆ ಕುರ್ಚಿಯನ್ನು ಬಿಗಿಹಿಡಿದು ನೋವು ತಾಳಬೇಕಾದ ಸಂಗತಿಯಾಗಿದೆ.

ಇದಕ್ಕಿಂತ ದಿಟ್ಟವಾದದ್ದು ಎಮ್ಮಾಹುವಿನ ಊಟದ ಚಿತ್ರ. ಸತ್ತು ಎದ್ದ ಯೇಸು ಗುರುತು ಸಿಗದ ದಾರಿಹೋಕನಾಗಿ ಇಬ್ಬರು ಶಿಷ್ಯರೊಡನೆ ನಡೆದು ಬಂದು, ಊಟಕ್ಕೆ ಕೂತು, ರೊಟ್ಟಿ ಮುರಿಯುತ್ತಾನೆ. ಅವರು ಗುರುತಿಸಿದ ಕ್ಷಣವೇ ಕಾಣೆಯಾಗುತ್ತಾನೆ. ಯುರೋಪಿನ ಚಿತ್ರಕಾರರೆಲ್ಲ ಗುರುತಿಸುವ ಕ್ಷಣವನ್ನು ಬರೆದರು, ರೆಂಬ್ರಾಂಟನೂ ಬರೆದ. ಪ್ಯಾರಿಸಿನ ಜಾಕ್‌ಮಾರ್-ಆಂದ್ರೆ ಸಂಗ್ರಹದ ಎಳೆಯ ವಯಸ್ಸಿನ ತೈಲಚಿತ್ರದಲ್ಲಿ ಯೇಸು ದೀಪಕ್ಕೆ ಅಡ್ಡ ಕೂತ ಕಪ್ಪು ಆಕೃತಿ. ಲೂವ್ರ್‌ನಲ್ಲಿರುವ 1648ರ ಚಿತ್ರದಲ್ಲಿ ಆತ ನಮಗೆ ಎದುರಾಗಿ ಕೂತ ಸೌಮ್ಯ ಮುಖ. ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ವಸ್ತುಸಂಗ್ರಹಾಲಯದ ಮಸಿಚಿತ್ರದಲ್ಲಾದರೋ ಯೇಸುವೇ ಇಲ್ಲ. ಮೇಜಿನ ಬಳಿ ಬೆಚ್ಚಿಬಿದ್ದ ಇಬ್ಬರು, ಖಾಲಿ ಕುರ್ಚಿ, ಕುರ್ಚಿಯ ಮೇಲೆ ಸಿಡಿದ ಬೆಳಕು. ತೈಲದಲ್ಲಿ ಇದನ್ನು ಬರೆಯಬೇಕಾದರೆ ಶೂನ್ಯವನ್ನು ಬಣ್ಣದಿಂದ ತುಂಬಬೇಕಾಗುತ್ತಿತ್ತು. ಕಾಗದದಲ್ಲಿ ಸುತ್ತ ಮಸಿ ಹರಿಸಿ ಒಂದು ಜಾಗವನ್ನು ಮುಟ್ಟದೆ ಬಿಟ್ಟರೆ ಆಯಿತು. ಆರ್ನಾಲ್ಡ್ ಹೌಬ್ರಾಕನ್ 1718ರಿಂದ ಪ್ರಕಟಿಸಿದ ಡಚ್ ಚಿತ್ರಕಾರರ ಚರಿತ್ರೆಯಲ್ಲಿ, ಒಂದೇ ವಿಷಯವನ್ನು ಇಷ್ಟೊಂದು ಬಗೆಯಲ್ಲಿ ಬರೆದವರು ಬೇರೊಬ್ಬರನ್ನು ತಾನು ಕಾಣೆ ಎಂದು ರೆಂಬ್ರಾಂಟನನ್ನು ಹೊಗಳುವಾಗ ಎಮ್ಮಾಹುವನ್ನೇ ಉದಾಹರಿಸಿ, ಈ ಖಾಲಿ ಕುರ್ಚಿಯ ಕಲ್ಪನೆಯನ್ನು ತಾನೇ ಮುದ್ರಚಿತ್ರವಾಗಿ ಕೆತ್ತಿ ಪುಸ್ತಕದಲ್ಲಿ ಸೇರಿಸಿದ. ರೆಂಬ್ರಾಂಟ್ ತೀರಿಕೊಂಡು ಅರ್ಧ ಶತಮಾನವಷ್ಟೇ ಕಳೆದಿದ್ದಾಗ, ಆತನ ಶಿಷ್ಯನೊಬ್ಬನ ಬಳಿ ಕಲಿತವನು ಬರೆದ ಮಾತಿದು.

ಇಲ್ಲಿ ಬಲವಾದ ಆಕ್ಷೇಪವೊಂದನ್ನು ಎದುರಿಸಬೇಕು. ಕೇಂಬ್ರಿಜ್‌ನ ಹಾಳೆ ರೆಂಬ್ರಾಂಟನ ಕೈಯದೇ, ಶಿಷ್ಯನದೇ, ಕಳೆದುಹೋದ ಮೂಲದ ಪ್ರತಿಯೇ ಎಂಬುದರಲ್ಲಿ ತಜ್ಞರಿಗೆ ಒಮ್ಮತವಿಲ್ಲ. ಇದು ಒಂದೇ ಹಾಳೆಯ ಸಮಸ್ಯೆಯಲ್ಲ. ಆಟೋ ಬೆನೆಶ್ 1954-57ರಲ್ಲಿ ಆರು ಸಂಪುಟಗಳಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಸುಮಾರು 1400 ರೇಖಾಚಿತ್ರಗಳಿದ್ದವು. ಪೀಟರ್ ಶಾಟ್‌ಬಾರ್ನ್ 2019ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಸುಮಾರು 700 ಉಳಿದವು. ಅರ್ಧದಷ್ಟು ಚಿತ್ರಗಳು ಬೇರೆಯವರ ಪಾಲಾದ ಮೇಲೆ ರೆಂಬ್ರಾಂಟನ ಓದು ಎಂದು ಮಾತಾಡುವುದು ಸರಿಯೇ? ಫರ್ಡಿನಾಂಡ್ ಬಾಲ್, ಖೋವರ್ಟ್ ಫ್ಲಿಂಕ್, ಸಾಮುವೆಲ್ ವಾನ್ ಹೂಗ್‌ಸ್ಟ್ರಾಟನ್, ನಿಕೊಲಾಸ್ ಮಾಸ್, ವಿಲೆಮ್ ಡ್ರಾಸ್ಟ್ ಮೊದಲಾದ ಶಿಷ್ಯರು ಗುರುವಿನ ಕೈಯನ್ನು ಎಷ್ಟು ಚೆನ್ನಾಗಿ ಅನುಸರಿಸಿದರೆಂದರೆ, 2009-10ರಲ್ಲಿ ಲಾಸ್ ಏಂಜಲಿಸ್‌ನ ಗೆಟ್ಟಿ ವಸ್ತುಸಂಗ್ರಹಾಲಯ ಗುರುಶಿಷ್ಯರ ಹಾಳೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ವ್ಯತ್ಯಾಸ ತೋರಿಸಲೆಂದೇ ಒಂದು ಪ್ರದರ್ಶನ ಏರ್ಪಡಿಸಿತು. ಆದರೆ ಶಿಷ್ಯರ ಈ ಪಾಲೇ ನಮ್ಮ ವಾದವನ್ನು ಗಟ್ಟಿಗೊಳಿಸುತ್ತದೆ. ಆ ಮನೆಯಲ್ಲಿ ಬೈಬಲಿನ ಪ್ರಸಂಗವನ್ನು ಮಸಿಯಲ್ಲಿ ಬರೆಯುವುದೇ ಒಂದು ಪಾಠಕ್ರಮವಾಗಿತ್ತು. ಗುರು ತಿದ್ದುತ್ತಿದ್ದುದು ಮುಖ್ಯವಾಗಿ ಪ್ರಸಂಗದ ಗ್ರಹಿಕೆಯನ್ನು. ಕಾನ್‌ಸ್ಟಂಟೈನ್ ವಾನ್ ರೆನೆಸ್ ಎಂಬ ಶಿಷ್ಯ, ಸಿಂಹಗಳ ಗವಿಯಲ್ಲಿ ದಾನಿಯೇಲನನ್ನು ಬರೆದ ಹಾಳೆಯ ಮೇಲೆ, ಇದನ್ನು 1649ರ ಅಕ್ಟೋಬರ್ 1ರಂದು ರೆಂಬ್ರಾಂಟನಿಗೆ ತೋರಿಸಿದೆ, ಆತನ ಬಳಿ ಹೋದದ್ದು ಅದು ಎರಡನೆಯ ಸಲ ಎಂಬ ಅರ್ಥದ ಟಿಪ್ಪಣಿ ಬರೆದಿಟ್ಟಿದ್ದಾನೆ. ಇದೇ ಶಿಷ್ಯ ಬರೆದ, ದೇವದೂತ ಮರಿಯಳಿಗೆ ಶುಭವಾರ್ತೆ ತರುವ ಚಿತ್ರ ಬರ್ಲಿನ್ನಿನಲ್ಲಿದೆ. ಶಿಷ್ಯನ ಸಣ್ಣ, ಜಾಗರೂಕ ಗೆರೆಗಳಲ್ಲಿ ದೇವದೂತ ವಿನಯವಂತ ಅತಿಥಿಯಂತಿದ್ದ. ಅದರ ಮೇಲೆ ಗುರುವಿನ ಲೇಖನಿ ಒತ್ತಿ ಹರಿದು ದೇವದೂತನನ್ನು ದೊಡ್ಡದು ಮಾಡಿದೆ. ಈಗ ಆತ ಕೋಣೆಯನ್ನೇ ತುಂಬುವ ಶಕ್ತಿ. ಮೂಗು, ಬೆರಳುಗಳ ತಪ್ಪನ್ನು ತಿದ್ದುವ ಗೋಜಿಗೆ ರೆಂಬ್ರಾಂಟ್ ಹೆಚ್ಚಾಗಿ ಹೋಗಲಿಲ್ಲ. ಮರಿಯಳ ಮನೆಗೆ ಬಂದವರು ಯಾರು ಎಂಬುದನ್ನು ಶಿಷ್ಯ ಓದಿ ಅರಿತಿರಲಿಲ್ಲ, ಗುರು ತಿದ್ದಿದ್ದು ಅದನ್ನು. ಆದ್ದರಿಂದ ಕೇಂಬ್ರಿಜ್‌ನ ಹಾಳೆಯ ಗೆರೆ ಯಾರದೇ ಆಗಿರಲಿ, ಖಾಲಿ ಕುರ್ಚಿಯ ಕಲ್ಪನೆ ಆ ಮನೆಯ ಓದಿನಿಂದ ಬಂದದ್ದು; ಹೌಬ್ರಾಕನ್ನನ ಸಾಕ್ಷ್ಯವೂ ಅದೇ.

ಈ ಚಿತ್ರಗಳ ಮಿತವ್ಯಯ ಬರೀ ಅವಸರದ ಫಲ ಎಂಬುದು ಇನ್ನೊಂದು ಆಕ್ಷೇಪ. ಕಾಲು ಎಲ್ಲಿ ಮುಗಿಯಿತು, ಕುರ್ಚಿಗೆ ನಾಲ್ಕನೆಯ ಕಾಲು ಏಕಿಲ್ಲ ಎಂದು ಹದಿನೆಂಟನೆಯ ಶತಮಾನದ ರುಚಿಯವರು ದೂರುತ್ತಿದ್ದರು. ಕಲಾವಿದ ತನ್ನ ಉದ್ದೇಶವನ್ನು ಸಾಧಿಸಿದಾಗಲೇ ಕೃತಿ ಮುಗಿಯಿತು ಎಂದು ರೆಂಬ್ರಾಂಟ್ ಹೇಳುತ್ತಿದ್ದನೆಂದು ಹೌಬ್ರಾಕನ್ ದಾಖಲಿಸಿದ್ದಾನೆ, ಅದೂ ಮೆಚ್ಚುಗೆಯಿಂದಲ್ಲ, ದೂರಿನ ದನಿಯಲ್ಲಿ. ಮಾತಿನ ಸಾಕ್ಷ್ಯಕ್ಕಿಂತ ಹಾಳೆಗಳ ಸಾಕ್ಷ್ಯ ಬಲವಾದುದು. ಬರ್ಲಿನ್ನಿನಲ್ಲಿರುವ, 1635ರ ಸುಮಾರಿನ ಹಾಳೆಯೊಂದರಲ್ಲಿ ಯೇಸು ಶಿಲುಬೆಯ ಭಾರಕ್ಕೆ ಕುಸಿದಿದ್ದಾನೆ, ತಾಯಿ ಮರಿಯ ಮೂರ್ಛೆ ಹೋಗುತ್ತಿದ್ದಾಳೆ. ಸುತ್ತಲಿನವರ ಬಟ್ಟೆಬರೆ ನಾಲ್ಕಾರು ಸುತ್ತು ಗೆರೆಗಳಲ್ಲಿ ತೀರಿಹೋಗಿದೆ. ಆದರೆ ಬಿದ್ದ ಮಗ, ಬೀಳುತ್ತಿರುವ ತಾಯಿ, ಈ ಎರಡು ಕುಸಿತಗಳ ನಡುವಿನ ಅಂತರದಲ್ಲಿ ಒಂದು ಗೆರೆಯೂ ದಾರಿ ತಪ್ಪಿಲ್ಲ. ಅವಸರದವನು ಎಲ್ಲ ಕಡೆಯೂ ಒಂದೇ ಸಮನಾಗಿ ಅಲಕ್ಷ್ಯ ಮಾಡುತ್ತಾನೆ. ಇಲ್ಲಿ ಅಲಕ್ಷ್ಯಕ್ಕೆ ಆಯ್ಕೆಯಿದೆ: ಕಥೆಯ ಒತ್ತಡ ಇರುವಲ್ಲಿ ಗೆರೆ ಸೇರಿಕೊಳ್ಳುತ್ತದೆ, ಇಲ್ಲದ ಕಡೆ ತೆಳ್ಳಗಾಗುತ್ತದೆ. ಬೇರೆ ಹಾಳೆಗಳಲ್ಲಿ ಬಿಳಿ ಬಣ್ಣದ ತಿದ್ದುಪಡಿಗಳೂ ಹೀಗೆಯೇ ಹಂಚಿಕೆಯಾಗಿವೆ. ಬಟ್ಟೆಯ ಮಡಿಕೆಗೆ ಆತ ಎರಡನೆಯ ಸಲ ಕೈಹಾಕುವುದು ಅಪರೂಪ. ತಲೆಯ ವಾಲಿಕೆ, ಚಾಚಿದ ಕೈ, ಇವುಗಳಿಗಾಗಿ ಬರೆದದ್ದನ್ನು ಮುಚ್ಚಿ ಮತ್ತೆ ಬರೆಯಲು ಹಿಂಜರಿದವನಲ್ಲ. ಈ ಹಾಳೆಗಳು ಇಂದು ಹೆಚ್ಚು ಹೊತ್ತು ಬೆಳಕಿಗೆ ಬರುವುದೂ ಇಲ್ಲ. ಕಾಗದ ಮತ್ತು ಮಸಿ ಎರಡೂ ಬೆಳಕಿಗೆ ನಲುಗುವುದರಿಂದ ವಸ್ತುಸಂಗ್ರಹಾಲಯಗಳು ಇವನ್ನು ಮಂದ ದೀಪದಲ್ಲಿ ಕೆಲವು ತಿಂಗಳು ತೋರಿಸಿ, ಮತ್ತೆ ಪೆಟ್ಟಿಗೆಗೆ ಸೇರಿಸುತ್ತವೆ. ತೈಲಚಿತ್ರಗಳಿಗಿರುವ ಜನಪ್ರಿಯತೆ ಇವಕ್ಕೆ ಬಾರದಿರಲು ಇದೂ ಒಂದು ಕಾರಣ.

ಗ್ರಂಥದ ಓದು ಎಂಬ ಮಾತಿಗೆ ಕೊನೆಯದೊಂದು ಪರೀಕ್ಷೆ ಭಾರತದಿಂದ ಬರುತ್ತದೆ. ರೆಂಬ್ರಾಂಟ್ ಬೇರೆಯವರ ಚಿತ್ರಗಳಿಂದಲೂ ಕಲಿಯುತ್ತಿದ್ದ. ಮಾಂಟೆನ್ಯನ ರೇಖಾಚಿತ್ರವನ್ನು ನಕಲು ಮಾಡಿದ, ಇಟಲಿಗೆ ಹೋಗದೆಯೇ ಲಿಯೊನಾರ್ಡೊನ ಕೊನೆಯ ಭೋಜನವನ್ನು ಮುದ್ರಣದ ಮೂಲಕ ಕಂಡು ಬದಲಿಸಿ ಬರೆದ. ಹಾಗಿರುವಾಗ ಆತನ ಆಯ್ಕೆಗಳನ್ನು ಗ್ರಂಥದ ಓದಿಗಿಂತ ಚಿತ್ರಪರಂಪರೆಯ ಋಣ ಎನ್ನಬಾರದೇಕೆ? 1656ರ ಪಟ್ಟಿಯಲ್ಲಿ ಅಪರೂಪದ ಕಿರುಚಿತ್ರಗಳ ಒಂದು ಸಂಪುಟದ ನಮೂದಿದೆ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳೊಂದಿಗೆ ಬಂದ ಮೊಘಲ್ ಚಿತ್ರಗಳು ಅವಾಗಿರಬೇಕೆಂಬುದು ಹಲವರ ಊಹೆ. ಸುಮಾರು 1656ರಿಂದ 1661ರ ನಡುವೆ ರೆಂಬ್ರಾಂಟ್ ಜಹಾಂಗೀರ್, ಷಹಜಹಾನರ ಆಸ್ಥಾನದ ಇಂಥ ಚಿತ್ರಗಳನ್ನು ನೋಡಿಕೊಂಡು ಏಷ್ಯಾದ ನುಣುಪು ಕಾಗದದ ಮೇಲೆ ಕಂದು ಮಸಿಯಲ್ಲಿ ಬರೆದ. ಅವುಗಳಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಉಳಿದಿವೆ. ಇಂಗ್ಲಿಷ್ ಚಿತ್ರಕಾರ ಜೊನಾಥನ್ ರಿಚರ್ಡ್‌ಸನ್ನನ ಸಂಗ್ರಹ 1747ರಲ್ಲಿ ಹರಾಜಾದಾಗ ರೆಂಬ್ರಾಂಟನ 25 ಭಾರತೀಯ ಚಿತ್ರಗಳ ಪುಸ್ತಕವೊಂದು ಅದರಲ್ಲಿತ್ತು. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಹಾಳೆಯೊಂದರಲ್ಲಿ ಮರದಡಿ ನೆಲದ ಮೇಲೆ ನಾಲ್ವರು ಹಿರಿಯರು ಕೂತಿದ್ದಾರೆ, ನಡುವೆ ಬಟ್ಟಲುಗಳು. ಇದರ ಮೂಲವಾದ ಮೊಘಲ್ ಚಿತ್ರ ವಿಯೆನ್ನಾದ ಶೋನ್‌ಬ್ರುನ್ ಅರಮನೆಯ ಗೋಡೆಯ ಅಲಂಕಾರದಲ್ಲಿ ಸೇರಿಹೋಗಿದೆ. 1656ರಲ್ಲೇ ರೆಂಬ್ರಾಂಟ್, ಅಬ್ರಹಾಮನು ಮೂವರು ದೈವಿಕ ಅತಿಥಿಗಳಿಗೆ ಊಟ ಬಡಿಸುವ ಎಚಿಂಗ್ ಮಾಡಿದ. ಆದಿಕಾಂಡದ ಹದಿನೆಂಟನೆಯ ಅಧ್ಯಾಯದ ಈ ಪ್ರಸಂಗವನ್ನು ಯುರೋಪಿನವರು ಮೇಜಿನ ಸುತ್ತ ಕೂರಿಸಿಯೇ ಬರೆಯುತ್ತಿದ್ದರು. ಮರದ ಕೆಳಗೆ ವಿಶ್ರಮಿಸಿರೆಂದು ಅಬ್ರಹಾಮ ಅತಿಥಿಗಳನ್ನು ಕೇಳಿಕೊಂಡನೆಂದು ಗ್ರಂಥ ಹೇಳುತ್ತದೆ; ಮೇಜಿನ ಮಾತೇ ಅಲ್ಲಿಲ್ಲ. ರೆಂಬ್ರಾಂಟ್ ಅತಿಥಿಗಳನ್ನು ಮೊಘಲ್ ಹಿರಿಯರ ಹಾಗೆ ನೆಲದ ಮೇಲೆ ಕೂರಿಸಿದ, ಬಲ ಮೂಲೆಯಲ್ಲಿ ಅಬ್ರಹಾಮ ಹೂಜಿ ಹಿಡಿದು ಬಾಗಿದ್ದಾನೆ, ಬಾಗಿಲ ಹಿಂದಿನಿಂದ ಸಾರ ಆಲಿಸುತ್ತಿದ್ದಾಳೆ, ಬೆನ್ನು ತಿರುಗಿಸಿದ ಇಷ್ಮಾಯೇಲ ಬಿಲ್ಲು ಹಿಡಿದಿದ್ದಾನೆ. ಭಾರತದ ಚಿತ್ರದಿಂದ ಆತ ಉಡುಗೆಯ ಬೆಡಗನ್ನು ಮಾತ್ರ ಎರವಲು ತಂದಿದ್ದರೆ ಇದನ್ನು ಪರಂಪರೆಯ ಋಣ ಎಂದು ಬದಿಗಿಡಬಹುದಿತ್ತು. ಆದರೆ ಆತ ತಂದದ್ದು ನೆಲದ ಮೇಲಿನ ಆ ಕೂರುವಿಕೆಯನ್ನು, ಅದರಿಂದ ಸರಿಹೋದದ್ದು ಯುರೋಪಿನ ಚಿತ್ರಕಾರರು ತಲೆಮಾರುಗಳಿಂದ ಗ್ರಂಥದ ಮೇಲೆ ಹೇರಿದ್ದ ಮೇಜು. ಗೂಡಾರವಾಸಿ ಕುರುಬನೊಬ್ಬ ತನ್ನ ಮನೆಯಂಗಳದಲ್ಲಿ ದೇವರಿಗೆ ಹೇಗೆ ಉಣಬಡಿಸಿರಬಹುದು ಎಂಬ ಪ್ರಶ್ನೆಗೆ ಆಮ್‌ಸ್ಟರ್‌ಡಾಮಿನಲ್ಲಿ ಸಿಗದ ಉತ್ತರವನ್ನು ರೆಂಬ್ರಾಂಟ್ ಪೂರ್ವದ ಚಿತ್ರವೊಂದನ್ನು ಗೆರೆಗೆರೆಯಾಗಿ ಬರೆದುಕೊಂಡು ಪಡೆದ, ಆಮೇಲೆ ಆದಿಕಾಂಡಕ್ಕೆ ಮರಳಿದ.